ಗಣಕ ಚಾವಡಿ: ಬಾಗಿಲು ತಟ್ಟುವವನು ಮನೆಯವನೋ, ಕಳ್ಳನೋ?

ನಮ್ಮ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಗಣಕ ಕೊಠಡಿಯಲ್ಲಿ ಮಕ್ಕಳು ದಿನನಿತ್ಯ ಬಳಸುತ್ತಿರುವುದು ಯುನಿಕ್ಸ್ ಕುಲಕ್ಕೆ ಸೇರಿದ ವ್ಯವಸ್ಥೆ ಎಂಬುದು ಎಷ್ಟೋ ಮಂದಿ ಹೆತ್ತವರಿಗೆ ತಿಳಿದಿರಲಾರದು. ಕೇರಳದ ಸಾರ್ವಜನಿಕ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಲ್ಲಿಯೇ ಸ್ವತಂತ್ರ ತಂತ್ರಾಂಶದ ಹಾದಿ ಹಿಡಿದವು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಇಂದು ನಮ್ಮ ಶಾಲೆಗಳ ಗಣಕಗಳಲ್ಲಿರುವ ಕೈಟ್ ಗ್ನೂ ಲಿನಕ್ಸ್, ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ್ದು. ಉಬುಂಟು ಲಿನಕ್ಸ್‌ನ ಒಂದು ರೂಪ. ಲಿನಕ್ಸ್ ಯುನಿಕ್ಸ್‌ನ ಮಾದರಿಯಲ್ಲಿ ಬೆಳೆದದ್ದು. ಹೀಗೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಒಂದು ಪರಂಪರೆ ನಮ್ಮ ಮಕ್ಕಳ ಮೇಜಿನವರೆಗೆ ಹರಿದು ಬಂದಿದೆ.

ಈ ಪರಂಪರೆಯ ಹೊಸ್ತಿಲಲ್ಲಿ ಒಂದು ಪ್ರಶ್ನೆ ಸದಾ ನಿಂತಿರುತ್ತದೆ. ಹೆಸರು ಮತ್ತು ಪಾಸ್‌ವರ್ಡ್ ಹೇಳಿ ಒಳಗೆ ಬನ್ನಿ ಎನ್ನುತ್ತದೆ ಯಂತ್ರ. ಒಬ್ಬರು ಪಾಸ್‌ವರ್ಡನ್ನು ತಪ್ಪಾಗಿ ಒತ್ತುತ್ತಾರೆ. ಮತ್ತೆ ಒತ್ತುತ್ತಾರೆ, ಮತ್ತೆ ತಪ್ಪು. ಮೂರನೆಯ ಸಲವೂ ತಪ್ಪು. ಈಗ ಯಂತ್ರ ಏನು ಮಾಡಬೇಕು? ಹೊರಗೆ ನಿಂತವನು ಮರೆವಿನ ಮನೆಯವನಾಗಿರಬಹುದು, ಬೀಗ ಮುರಿಯಲು ಬಂದ ಕಳ್ಳನೂ ಆಗಿರಬಹುದು. ಯಂತ್ರಕ್ಕೆ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಅದಕ್ಕೆ ಕಾಣುವುದು ತಪ್ಪಿದ ಅಕ್ಷರಗಳು ಮಾತ್ರ. ಬಾಗಿಲು ತೆರೆದಿಟ್ಟರೆ ಕಳ್ಳನಿಗೆ ಹಬ್ಬ. ಗಟ್ಟಿಯಾಗಿ ಮುಚ್ಚಿದರೆ ಪರೀಕ್ಷೆಯ ದಿನ ನಮ್ಮ ಮಗುವೇ ಹೊರಗೆ. ಈ ಎರಡರ ನಡುವೆ ಯುನಿಕ್ಸ್ ಬಳಗವು ಅರ್ಧ ಶತಮಾನದಲ್ಲಿ ಕಂಡುಕೊಂಡ ದಾರಿಗಳನ್ನು ಈ ವಾರ ನೋಡೋಣ. ಶಾಲೆಯಲ್ಲೂ ಮನೆಯಲ್ಲೂ ಇವು ಉಪಯೋಗಕ್ಕೆ ಬರುವಂಥವು.

ಊಹೆಯ ಚರಿತ್ರೆ

ಪಾಸ್‌ವರ್ಡ್‌ಗಳನ್ನು ಜನರು ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ಮೊದಲಿಗೆ ಲೆಕ್ಕ ಹಾಕಿ ನೋಡಿದವರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಮುಖರು. 1979ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 3,289 ಪಾಸ್‌ವರ್ಡ್‌ಗಳ ಪರಿಶೀಲನೆಯಿದೆ. ಅವುಗಳಲ್ಲಿ 15 ಪಾಸ್‌ವರ್ಡ್‌ಗಳಿಗೆ ಒಂದೇ ಒಂದು ಅಕ್ಷರವಿತ್ತು. 72ಕ್ಕೆ ಎರಡು ಅಕ್ಷರ, 464ಕ್ಕೆ ಮೂರು ಅಕ್ಷರ. ನಿಘಂಟಿನಲ್ಲಿಯೇ ಸಿಗುವ ಪದಗಳೂ ನೂರಾರು. ಒಟ್ಟಿನಲ್ಲಿ ಶೇಕಡಾ 86ರಷ್ಟು ಪಾಸ್‌ವರ್ಡ್‌ಗಳು ಸುಲಭವಾಗಿ ಊಹೆಗೆ ಸಿಗುವಂಥವು. ಅವನ್ನು ಆರಿಸಿಕೊಂಡವರು ಅಕ್ಷರ ಬಾರದವರಲ್ಲ, ಗಣಕವನ್ನು ಪಳಗಿಸಿದವರು. ಮನುಷ್ಯನ ಸ್ವಭಾವವೇ ಅಂಥದ್ದು: ನೆನಪಿಡಲು ಸುಲಭವಾದದ್ದನ್ನು ಆರಿಸುತ್ತಾನೆ, ಅವನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭ.

ಒಂಬತ್ತು ವರ್ಷಗಳ ಬಳಿಕ, 1988ರ ನವೆಂಬರ್ 2ರಂದು, ಇದಕ್ಕೆ ಕಹಿಯಾದ ಸಾಕ್ಷ್ಯ ದೊರೆಯಿತು. ವಿಧಿಯ ವಿನೋದವೆಂದರೆ ಆ ಘಟನೆಯ ಕಾರಣಪುರುಷ ಅದೇ ರಾಬರ್ಟ್ ಮಾರಿಸರ ಮಗ, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್. ಅವನು ಬರೆದು ಹರಿಯಬಿಟ್ಟ 'ಹುಳ' ಅಂದಿನ ಪುಟ್ಟ ಅಂತರಜಾಲದಲ್ಲಿ ಯುನಿಕ್ಸ್ ಗಣಕದಿಂದ ಗಣಕಕ್ಕೆ ತಾನಾಗಿಯೇ ಹರಡಿತು. ಸುಮಾರು ಆರು ಸಾವಿರ ಯಂತ್ರಗಳಿಗೆ ಅದು ಸೋಂಕಿತೆಂಬುದು ಆಗಿನ ಅಂದಾಜು. ಹರಡಲು ಅದಕ್ಕಿದ್ದ ಉಪಾಯಗಳಲ್ಲಿ ಒಂದು ಪಾಸ್‌ವರ್ಡ್ ಊಹೆ. ಬಳಕೆದಾರನ ಹೆಸರನ್ನೇ ಪಾಸ್‌ವರ್ಡ್ ಎಂದು ಹೇಳಿ ನೋಡುವುದು, ಆ ಹೆಸರನ್ನು ಎರಡು ಬಾರಿ ಬರೆದು ನೋಡುವುದು, ತಿರುಗಿಸಿ ಬರೆದು ನೋಡುವುದು, ಬಳಿಕ 432 ಪದಗಳ ಒಂದು ಪಟ್ಟಿ, ಅದೂ ಸಾಲದಾದರೆ ಯಂತ್ರದಲ್ಲಿಯೇ ಇದ್ದ ನಿಘಂಟು. ಇಷ್ಟಕ್ಕೇ ಅನೇಕ ಖಾತೆಗಳು ತೆರೆದುಕೊಂಡವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಹುಳ ತನ್ನ ಊಹೆಗಳನ್ನು ಬಾಗಿಲಿನ ಮುಂದೆ ನಿಂತು ಪರೀಕ್ಷಿಸಲಿಲ್ಲ. ಆಗಿನ ಯುನಿಕ್ಸ್‌ಗಳಲ್ಲಿ ಪಾಸ್‌ವರ್ಡ್‌ಗಳ ಮಾರುರೂಪಗಳಿದ್ದ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ಮಾರುರೂಪವೆಂದರೆ ಗಣಿತದ ಗಾಣದಲ್ಲಿ ಹಾಕಿ ಅರೆದ ಪಾಸ್‌ವರ್ಡ್. ಎಣ್ಣೆಯಿಂದ ಮರಳಿ ಕೊಬ್ಬರಿಯನ್ನು ಪಡೆಯಲಾಗದಂತೆ ಅದರಿಂದ ಮೂಲವನ್ನು ಮರಳಿ ಪಡೆಯಲಾಗದು. ಆದರೆ ಒಂದು ಊಹೆಯನ್ನು ಅದೇ ಗಾಣಕ್ಕೆ ಹಾಕಿ, ಬಂದದ್ದು ಕಡತದಲ್ಲಿರುವುದಕ್ಕೆ ಸರಿಹೊಂದುತ್ತದೆಯೇ ಎಂದು ನೋಡಬಹುದಲ್ಲ! ಬಾಗಿಲಲ್ಲಿ ನಿಂತು ಕೀಲಿಕೈ ತಿರುಗಿಸುವುದು ಒಂದು ಬಗೆ. ಬೀಗವನ್ನೇ ಕಿತ್ತು ಮನೆಗೆ ಒಯ್ದು, ರಾತ್ರಿಯಿಡೀ ಕುಳಿತು ಸಾವಿರ ಕೀಲಿಕೈ ತಿರುಗಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ 'ವಿಫಲ ಪ್ರಯತ್ನ' ಎಂಬ ದಾಖಲೆಯೇ ಉಂಟಾಗುವುದಿಲ್ಲ. ಆ ಬಳಿಕ ಯುನಿಕ್ಸ್‌ಗಳು ಒಂದೊಂದಾಗಿ ಆ ಮಾರುರೂಪಗಳನ್ನು ಮೇಲ್ವಿಚಾರಕನಲ್ಲದೆ ಬೇರಾರೂ ಓದಲಾಗದ 'ಶ್ಯಾಡೋ' ಎಂಬ ಪ್ರತ್ಯೇಕ ಕಡತಕ್ಕೆ ಸಾಗಿಸಿದವು. ನಮ್ಮ ಶಾಲೆಯ ಗಣಕಗಳಲ್ಲಿಯೂ ಇಂದು ಆ ಕಡತವೇ ಇದೆ. ಕಳ್ಳನು ಬಾಗಿಲಿಗೇ ಬರಬೇಕಾದ ಸ್ಥಿತಿಯನ್ನು ಹೀಗೆ ಉಂಟುಮಾಡಿದ ಮೇಲೆಯೇ ಬಾಗಿಲ ಕಾವಲಿಗೆ ಅರ್ಥ ಬಂದದ್ದು.

ಕಾವಲುಗಾರನ ನಾಲ್ಕು ಅಸ್ತ್ರಗಳು

ಮೊದಲನೆಯದು ಮೌನ. ಹೆಸರು ತಪ್ಪಾಗಿದ್ದರೂ ಪಾಸ್‌ವರ್ಡ್ ತಪ್ಪಾಗಿದ್ದರೂ ಯುನಿಕ್ಸ್ ಹೇಳುವುದು ಒಂದೇ ಮಾತು: ಪ್ರವೇಶ ಸರಿಯಿಲ್ಲ. ಯಾವುದು ತಪ್ಪು ಎಂದು ಬಿಡಿಸಿ ಹೇಳಿದರೆ ಪ್ರಾಮಾಣಿಕನಿಗೆ ಅನುಕೂಲವೇ. ಆದರೆ ಆ ಹೆಸರಿನವರು ಈ ಮನೆಯಲ್ಲಿದ್ದಾರೆ ಎಂಬ ಸುಳಿವು ಕಳ್ಳನಿಗೂ ಸಿಕ್ಕಿಬಿಡುತ್ತದೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಒತ್ತುವಾಗ ಚುಕ್ಕೆಯಾಗಲಿ ನಕ್ಷತ್ರವಾಗಲಿ ಬಹುತೇಕ ಕಾಣಿಸದಿರುವುದೂ ಇದೇ ಮೌನದ ಭಾಗ. ಅಕ್ಷರಗಳೆಷ್ಟು ಎಂಬುದು ಕೂಡ ಪಕ್ಕದಲ್ಲಿ ನಿಂತವನಿಗೆ ತಿಳಿಯಬಾರದು. ಕೀಲಿಮಣೆ ಕೆಟ್ಟಿದೆ ಎಂದು ಮಕ್ಕಳು ಗಾಬರಿಪಡಬೇಕಾಗಿಲ್ಲ; ಒತ್ತಿದ್ದು ಯಂತ್ರಕ್ಕೆ ತಲುಪಿರುತ್ತದೆ.

ಎರಡನೆಯದು ವಿಳಂಬ. ತಪ್ಪು ಪಾಸ್‌ವರ್ಡ್ ಒತ್ತಿದ ಮೇಲೆ ಯಂತ್ರ ತುಸು ಹೊತ್ತು, ಸಾಮಾನ್ಯವಾಗಿ ಎರಡು ಸೆಕೆಂಡಿನಷ್ಟು, ಸುಮ್ಮನಿರುತ್ತದೆ. ಯಂತ್ರ ಹಳತಾಗಿ ನಿಧಾನವಾಯಿತೆಂದು ಭಾವಿಸುವವರಿದ್ದಾರೆ. ಅದು ನಿಧಾನವಲ್ಲ, ಉದ್ದೇಶಪೂರ್ವಕವಾದ ತಡೆ. ಮನುಷ್ಯನಿಗೆ ಎರಡು ಸೆಕೆಂಡು ಏನೂ ಅಲ್ಲ. ಆದರೆ ಸೆಕೆಂಡಿಗೆ ಸಾವಿರ ಊಹೆ ಮಾಡಬಲ್ಲ ಕಳ್ಳ ತಂತ್ರಾಂಶವನ್ನು ಅದು ದಿನಕ್ಕೆ 43,200 ಊಹೆಗಳಿಗೆ ಇಳಿಸಿಬಿಡುತ್ತದೆ. ಆದರೂ ಇದೊಂದೇ ಸಾಲದು. ನಾಲ್ಕು ಅಂಕೆಗಳ ಗುಟ್ಟಿನಲ್ಲಿ ಇರುವುದು ಹತ್ತು ಸಾವಿರ ಸಾಧ್ಯತೆಗಳು. ಒಂದಕ್ಕೆ ಎರಡು ಸೆಕೆಂಡಿನಂತೆ ಐದೂವರೆ ಗಂಟೆಯಲ್ಲಿ ಅವೆಲ್ಲ ಮುಗಿಯುತ್ತವೆ.

ಆದುದರಿಂದ ಮೂರನೆಯ ಅಸ್ತ್ರ, ಬೀಗಮುದ್ರೆ. ಇಷ್ಟು ಸಲ ತಪ್ಪಿದರೆ ಈ ಖಾತೆಗೆ ಇಷ್ಟು ಹೊತ್ತು ಪ್ರವೇಶವಿಲ್ಲ ಎಂಬ ನಿಯಮ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ 'ಫೇಲ್‌ಲಾಕ್' ಎಂಬ ಘಟಕವಿದೆ. ಎಲ್ಲ ಗಣಕಗಳಲ್ಲಿ ಅದು ತಾನಾಗಿ ಚಾಲನೆಯಲ್ಲಿರುವುದಿಲ್ಲ. ಮೇಲ್ವಿಚಾರಕರು ಅದನ್ನು ಜೋಡಿಸಬೇಕಾಗುತ್ತದೆ. ಬೇರೆ ಸೂಚನೆ ಕೊಡದಿದ್ದರೆ ಅದು 15 ನಿಮಿಷಗಳೊಳಗೆ ಮೂರು ತಪ್ಪುಗಳನ್ನು ಕಂಡಾಗ ಖಾತೆಯನ್ನು 10 ನಿಮಿಷಗಳ ಕಾಲ ಮುಚ್ಚುತ್ತದೆ. ಮೇಲ್ವಿಚಾರಕನಾದ 'ರೂಟ್' ಖಾತೆಯನ್ನು ಮಾತ್ರ ಮುಚ್ಚುವುದಿಲ್ಲ. ಇಲ್ಲವಾದರೆ ಯಾವನೋ ಕಿಡಿಗೇಡಿ ಮೂರು ಸಲ ತಪ್ಪು ಒತ್ತಿ, ಬೀಗ ತೆರೆಯಬೇಕಾದವನನ್ನೇ ಹೊರಗೆ ನಿಲ್ಲಿಸಿಬಿಡಬಹುದು.

ನಾಲ್ಕನೆಯದು ವಿಳಾಸದ ಮೇಲೆ ಕಣ್ಣು. ದೂರದಿಂದ ಯುನಿಕ್ಸ್ ಗಣಕವನ್ನು ಪ್ರವೇಶಿಸಲು ಜಗತ್ತಿನಾದ್ಯಂತ ಬಳಸುವುದು 'ಎಸ್‌ಎಸ್‌ಎಚ್' ಎಂಬ ವಿಧಾನವನ್ನು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಪ್ರಸಂಗ ನಡೆದುದರಿಂದ, ತಾತು ಯಲೋನೆನ್ ಎಂಬವರು 1995ರಲ್ಲಿ ಇದನ್ನು ರಚಿಸಿದರು. ಇಂದು ಅಂತರಜಾಲಕ್ಕೆ ತೆರೆದುಕೊಂಡ ಯಾವ ಲಿನಕ್ಸ್ ಗಣಕದಲ್ಲಿಯಾದರೂ ಈ ಬಾಗಿಲನ್ನು ತೆರೆದಿಟ್ಟರೆ, ಸ್ವಲ್ಪ ಹೊತ್ತಿನಲ್ಲಿಯೇ ಕಂಡು ಕೇಳರಿಯದ ಊರುಗಳಿಂದ ತಟ್ಟುವ ಸದ್ದು ಆರಂಭವಾಗುತ್ತದೆ. ತಟ್ಟುತ್ತಿರುವುದು ಮನುಷ್ಯರಲ್ಲ, ಹಗಲಿರುಳು ದಣಿಯದ ತಂತ್ರಾಂಶಗಳು. ಅವುಗಳನ್ನು ತಡೆಯಲು 'ಫೇಲ್‌ಟುಬ್ಯಾನ್' ಎಂಬ ಸ್ವತಂತ್ರ ತಂತ್ರಾಂಶ 2004ರಿಂದ ಬಳಕೆಯಲ್ಲಿದೆ. ಅದು ದಾಖಲೆ ಕಡತವನ್ನು ಓದುತ್ತಾ ಕುಳಿತಿರುತ್ತದೆ. ಒಂದೇ ವಿಳಾಸದಿಂದ 10 ನಿಮಿಷಗಳಲ್ಲಿ ಐದು ತಪ್ಪುಗಳು ಬಂದರೆ ಆ ವಿಳಾಸವನ್ನೇ ಹತ್ತು ನಿಮಿಷ ದೂರವಿಡುತ್ತದೆ. ಮೇಲ್ವಿಚಾರಕರು ಬೇಕಾದರೆ ಈ ಅಂಕೆಗಳನ್ನು ಬದಲಿಸಿಕೊಳ್ಳಬಹುದು. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ನೆಯ ಆವೃತ್ತಿಯಿಂದ ಇಂಥ ದಂಡನೆಯ ಕ್ರಮ ಆ ತಂತ್ರಾಂಶದೊಳಗೇ ಸೇರಿಕೊಂಡಿದೆ.

ಒಂದಿಷ್ಟು ಮನೆಗಣಿತ

ಬೀಗಮುದ್ರೆಯಿಂದ ಆಗುವ ಲಾಭವೇನು ಎಂಬುದನ್ನು ಏಳನೆಯ ತರಗತಿಯ ಗಣಿತದಿಂದಲೇ ತಿಳಿಯಬಹುದು. ಮನೆಯಲ್ಲಿ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ ನೋಡಿ. ಮೂರು ತಪ್ಪಿಗೆ ಹತ್ತು ನಿಮಿಷ ಬೀಗ ಎಂದಾದರೆ ಗಂಟೆಗೆ 18 ಊಹೆ, ದಿನಕ್ಕೆ 432 ಊಹೆ. ನಾಲ್ಕು ಅಂಕೆಗಳ ಗುಟ್ಟನ್ನು ಪೂರ್ತಿ ಜಾಲಾಡಲು ಈಗ ಐದೂವರೆ ಗಂಟೆಯ ಬದಲು 23 ದಿನಗಳು ಬೇಕು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಮನಬಂದಂತೆ ಜೋಡಿಸಿದ ಪಾಸ್‌ವರ್ಡ್ ಆದರೆ ಸಾಧ್ಯತೆಗಳು 20 ಸಾವಿರ ಕೋಟಿಗೂ ಮಿಕ್ಕಿ. ದಿನಕ್ಕೆ 432ರಂತೆ ಅವನ್ನೆಲ್ಲ ಮುಗಿಸಲು 13 ಲಕ್ಷ ವರ್ಷಗಳು ಹಿಡಿಯುತ್ತವೆ. ಕಳ್ಳನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಅದು ಮುಗಿಯುವ ಕೆಲಸವಲ್ಲ.

ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನು ಹೆತ್ತವರು ಮನಸ್ಸಿಟ್ಟು ನೋಡಬೇಕು. ಮಗುವಿನ ಹುಟ್ಟಿದ ದಿನವನ್ನು ಪಾಸ್‌ವರ್ಡ್ ಮಾಡುವ ರೂಢಿ ನಮ್ಮಲ್ಲಿ ಬಹಳ. ಏಳನೆಯ ತರಗತಿಯ ಮಗು ಯಾವ ವರ್ಷ ಹುಟ್ಟಿದ್ದೆಂದು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ. ಉಳಿಯುವುದು 365 ದಿನಗಳು. ಗಂಟೆಗೆ 18 ಊಹೆಯಂತೆ 20 ಗಂಟೆ ಕೆಲವು ನಿಮಿಷಗಳಲ್ಲಿ ಅವೆಲ್ಲ ಮುಗಿದವು. ಒಂದು ಹಗಲು ಒಂದು ರಾತ್ರಿ ಕೂಡ ಬೇಕಾಗಲಿಲ್ಲ. ಬಲವಾದ ಬೀಗಮುದ್ರೆಯಿದ್ದೂ ಇಷ್ಟು ಬೇಗ. ಬೀಗಮುದ್ರೆ ಬಲವಾದ ಪಾಸ್‌ವರ್ಡಿಗೆ ಲಕ್ಷ ವರ್ಷಗಳ ಆಯುಷ್ಯ ಕೊಡುತ್ತದೆ. ದುರ್ಬಲ ಪಾಸ್‌ವರ್ಡಿಗೆ ಒಂದು ರಾತ್ರಿಯನ್ನಷ್ಟೇ ಕೊಡುತ್ತದೆ. ಕಾವಲುಗಾರ ಎಷ್ಟೇ ನಿಷ್ಠಾವಂತನಾದರೂ ಬೀಗದ ಕೈ ಹೊಸ್ತಿಲ ಪಕ್ಕದ ಹೂಕುಂಡದ ಕೆಳಗಿದ್ದರೆ ಅವನು ಏನು ಮಾಡಿಯಾನು?

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಕುತೂಹಲಕರವಾಗಿದೆ. ಒಂದು ಖಾತೆಯಲ್ಲಿ ಎಡೆಬಿಡದೆ ನಡೆಯುವ ವಿಫಲ ಪ್ರಯತ್ನಗಳನ್ನು 100ಕ್ಕಿಂತ ಮೇಲೆ ಹೋಗಗೊಡಬಾರದು ಎಂದು ಅದು ಹೇಳುತ್ತದೆ. ಮೂರಲ್ಲ, ನೂರು! ಪಾಸ್‌ವರ್ಡ್ ಒಳ್ಳೆಯದಾಗಿದ್ದರೆ ನೂರು ಊಹೆಗಳಿಂದಲೂ ಕಳ್ಳನಿಗೆ ಏನೂ ದಕ್ಕುವುದಿಲ್ಲ ಎಂಬುದೇ ಇದರ ತಾತ್ಪರ್ಯ. ಮೂರು ಎಂಬ ಸಂಖ್ಯೆಗೆ ಯಾವ ಮಂತ್ರಶಕ್ತಿಯೂ ಇಲ್ಲ. ಅದು ಕಟ್ಟುನಿಟ್ಟಿನ ಹೆಸರಿನಲ್ಲಿ ನಡೆದುಬಂದ ರೂಢಿ ಮಾತ್ರ.

ಬೀಗವೇ ಶತ್ರುವಾದಾಗ

ಬೀಗಮುದ್ರೆಗೆ ತನ್ನದೇ ಆದ ಅಪಾಯಗಳಿವೆ. ನನಗೆ ನಿಮ್ಮ ಖಾತೆಯೊಳಗೆ ಹೋಗಲಾಗದಿರಬಹುದು. ಆದರೆ ನೀವು ಹೋಗದಂತೆ ಮಾಡುವುದು ಬಲು ಸುಲಭ. ನಿಮ್ಮ ಹೆಸರು ಬರೆದು ಮೂರು ಸಲ ಏನಾದರೂ ಒತ್ತಿದರಾಯಿತು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಐಟಿ ಪ್ರಾಯೋಗಿಕ ಪರೀಕ್ಷೆಯಿದೆ. ಅಂಥ ದಿನ ಸಹಪಾಠಿಯೊಬ್ಬ ಕೀಟಲೆಗೆಂದು ಹೀಗೆ ಮಾಡಿದರೆ, ಹೊರಗುಳಿಯುವುದು ಯಾವ ತಪ್ಪನ್ನೂ ಮಾಡದ ಮಗು. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಶಾಲೆಯ ಖಾತೆ ಬೀಗ ಬಿದ್ದು ಕುಳಿತರೆ ನಷ್ಟ ಯಾರದು? ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದಂತೆ ಆಗಬಾರದು. ಆದುದರಿಂದಲೇ ಬೀಗವು ತಾನಾಗಿ ತೆರೆದುಕೊಳ್ಳುವಂತಿರಬೇಕು. ಹತ್ತು ನಿಮಿಷದ ಬೀಗ ಕಳ್ಳನನ್ನು ಸೋಲಿಸಲು ಸಾಕು. ಶಾಶ್ವತ ಬೀಗದಿಂದ ಹೆಚ್ಚಾಗಿ ಸೋಲುವವನು ಮನೆಯವನೇ.

ವಿಳಾಸವನ್ನು ತಡೆಯುವುದರಲ್ಲಿಯೂ ಇಂಥದೇ ತೊಡಕಿದೆ. ಒಂದು ಶಾಲೆಯಲ್ಲಿ ಮೂವತ್ತು ಗಣಕಗಳಿದ್ದರೂ ಹೊರಜಗತ್ತಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ವಿಳಾಸ. ಒಂದು ಮಗು ದೂರದ ಯಾವುದಾದರೂ ಗಣಕದ ಬಾಗಿಲಲ್ಲಿ ಐದು ಸಲ ತಪ್ಪಿದರೆ ಇಡೀ ತರಗತಿಯೇ ಹೊರಗುಳಿಯಬಹುದು. ಒಬ್ಬನ ತಪ್ಪಿಗೆ ಊರಿಗೆಲ್ಲ ದಂಡ. ಇನ್ನೊಂದೆಡೆ ಚತುರ ಕಳ್ಳನು ಸಾವಿರ ವಿಳಾಸಗಳಿಂದ ಒಂದೊಂದೇ ಸಲ ತಟ್ಟಿ ಕಣ್ತಪ್ಪಿಸುತ್ತಾನೆ. ಇಲ್ಲವೇ ಒಂದು ಖಾತೆಯ ಮೇಲೆ ಸಾವಿರ ಪಾಸ್‌ವರ್ಡ್ ಪರೀಕ್ಷಿಸುವ ಬದಲು, ಒಂದೇ ಪಾಸ್‌ವರ್ಡನ್ನು ಸಾವಿರ ಖಾತೆಗಳ ಮೇಲೆ ಪರೀಕ್ಷಿಸುತ್ತಾನೆ. ಯಾವ ಖಾತೆಯಲ್ಲಿಯೂ ಎರಡನೆಯ ತಪ್ಪು ಇಲ್ಲ. ಕಾವಲುಗಾರನ ಎಣಿಕೆ ಮೂರಕ್ಕೆ ಮುಟ್ಟುವುದೇ ಇಲ್ಲ. ಎಲ್ಲ ಮಕ್ಕಳಿಗೂ ಆರಂಭದಲ್ಲಿ ಒಂದೇ ಪಾಸ್‌ವರ್ಡ್ ಕೊಟ್ಟು, ಅದನ್ನು ಬದಲಿಸಲು ಯಾರೂ ಹೇಳದಿರುವಲ್ಲಿ ಈ ಉಪಾಯ ಬಹುಬೇಗ ಫಲಿಸುತ್ತದೆ.

ದಾಖಲೆ ಓದುವ ವಿವೇಕ

ಹಾಗಾದರೆ ಮನೆಯವನನ್ನು ಕಳ್ಳನಿಂದ ಬೇರ್ಪಡಿಸುವುದು ಹೇಗೆ? ಅದಕ್ಕೆ ಬೇಕಾದುದು ಓದು. ಯುನಿಕ್ಸ್ ತನ್ನ ಬಾಗಿಲಲ್ಲಿ ನಡೆದುದನ್ನೆಲ್ಲ ಬರೆದಿಡುತ್ತದೆ. ಉಬುಂಟುವಿನಲ್ಲಿ 'ಆಥ್ ಲಾಗ್' ಎಂಬ ಕಡತ ಇದಕ್ಕಾಗಿಯೇ ಇದೆ. ವಿಫಲ ಪ್ರಯತ್ನಗಳನ್ನಷ್ಟೇ ಪಟ್ಟಿಮಾಡಿ ತೋರಿಸಲು 'ಲಾಸ್ಟ್‌ಬಿ' ಎಂಬ ಆಜ್ಞೆಯಿದೆ. ಮೇಲ್ವಿಚಾರಕನ ಅಧಿಕಾರವಿದ್ದವರು ಮಾತ್ರ ಇದನ್ನು ಬಳಸಬಹುದು. ಏಕೆ ಈ ಗುಟ್ಟು ಎಂದರೆ, ಅವಸರದಲ್ಲಿ ಹೆಸರು ಬರೆಯಬೇಕಾದಲ್ಲಿ ಪಾಸ್‌ವರ್ಡನ್ನೇ ಒತ್ತಿಬಿಡುವವರು ಇರುತ್ತಾರೆ. ಅದು ದಾಖಲೆಯಲ್ಲಿ 'ಗೊತ್ತಿಲ್ಲದ ಹೆಸರು' ಎಂದು ಯಥಾವತ್ತಾಗಿ ಉಳಿದುಬಿಡಬಹುದು. ಹೀಗೆ ಒತ್ತಿದ್ದು ಅರಿವಿಗೆ ಬಂದರೆ ಆ ಪಾಸ್‌ವರ್ಡನ್ನು ಅಂದೇ ಬದಲಿಸುವುದು ಒಳಿತು.

ಬೆಳಗಿನ ಮೊದಲ ಅವಧಿಯಲ್ಲಿ, ಶಾಲೆಯೊಳಗಿನ ಗಣಕದಿಂದ, ಒಂದೇ ಹೆಸರಿನಲ್ಲಿ ಅರ್ಧ ಅರ್ಧ ನಿಮಿಷದ ಅಂತರದಲ್ಲಿ ನಾಲ್ಕು ತಪ್ಪುಗಳು, ಐದನೆಯದು ಸರಿ: ಇದು ಮರೆವು. ರಾತ್ರಿ ಎರಡು ಗಂಟೆಗೆ, ಹೊರಗಿನ ವಿಳಾಸದಿಂದ, ಮೂರು ಮೂರು ಸೆಕೆಂಡಿಗೊಮ್ಮೆ, 'ರೂಟ್', 'ಅಡ್ಮಿನ್', 'ಟೆಸ್ಟ್', 'ಗೆಸ್ಟ್' ಎಂದು ಹೆಸರು ಬದಲಿಸುತ್ತಾ ನೂರಾರು ತಪ್ಪುಗಳು: ಇದು ಕಳ್ಳತನದ ಪ್ರಯತ್ನ. ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದ ಸಾಲು ಮೂರನೆಯದು: ಅಪರಿಚಿತ ವಿಳಾಸದಿಂದ ನೂರಾರು ತಪ್ಪುಗಳಾದ ಮೇಲೆ ಒಂದು 'ಸರಿ'. ತಪ್ಪುಗಳು ನಿಂತವೆಂದು ಸಮಾಧಾನಪಡುವ ಗಳಿಗೆ ಅದಲ್ಲ. ಕಳ್ಳ ಒಳಗೆ ಬಂದಾಗಿದೆ.

ಈ ಓದಿನ ಮಹತ್ವವನ್ನು ಲೋಕಕ್ಕೆ ತೋರಿಸಿದವರು ಕ್ಲಿಫರ್ಡ್ ಸ್ಟೋಲ್. ಅವರು ಖಗೋಳಶಾಸ್ತ್ರಜ್ಞರು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಯುನಿಕ್ಸ್ ಗಣಕದ ಬಾಡಿಗೆಯ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಕಂಡಿತು. ಇಷ್ಟು ಚಿಲ್ಲರೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಸ್ಟೋಲ್ ಕೆಡಿಸಿಕೊಂಡರು. ತಿಂಗಳುಗಟ್ಟಲೆ ಜಾಡು ಹಿಡಿದು ಹೋದಾಗ ಆ ಎಳೆ ಪಶ್ಚಿಮ ಜರ್ಮನಿಯ ಹ್ಯಾನೋವರ್‌ನ ಮಾರ್ಕುಸ್ ಹೆಸ್ ಎಂಬವನ ಮನೆಗೆ ತಲುಪಿತು. ಅವನು ಅಮೆರಿಕದ ಸೇನಾಜಾಲದಲ್ಲಿ ಸುಮಾರು 450 ಗಣಕಗಳ ಬಾಗಿಲು ತಟ್ಟಿ, ಮೂವತ್ತಕ್ಕೂ ಹೆಚ್ಚಿನವುಗಳ ಒಳಹೊಕ್ಕಿದ್ದ; ಕದ್ದ ಮಾಹಿತಿ ಸೋವಿಯತ್ ಗೂಢಚಾರರ ಕೈಸೇರುತ್ತಿತ್ತು. ಅವನ ಉಪಾಯದಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ತಯಾರಕರು ಇಟ್ಟುಕೊಟ್ಟ ಹೆಸರು, ಪಾಸ್‌ವರ್ಡ್‌ಗಳನ್ನು ಯಾರಾದರೂ ಬದಲಿಸದೆ ಬಿಟ್ಟಿದ್ದಾರೆಯೇ ಎಂದು ನೋಡುವುದು, ಇಲ್ಲವಾದರೆ ಮುಂದಿನ ಬಾಗಿಲಿಗೆ ಹೋಗುವುದು. ಬಹುಪಾಲು ಕೇಂದ್ರಗಳಲ್ಲಿ ಆ ವಿಫಲ ತಟ್ಟುವಿಕೆಯನ್ನು ಯಾರೂ ಗಮನಿಸಲೇ ಇಲ್ಲ. ಓದುವವರಿಲ್ಲದಿದ್ದರೆ ದಾಖಲೆ ಇದ್ದೂ ಇಲ್ಲದಂತೆಯೇ.

ನಮ್ಮ ಮನೆಯ ಗೋಡೆಯ ಮೇಲೆ

ನಮ್ಮ ಮನೆಯಲ್ಲಿ ಯುನಿಕ್ಸ್ ಎಲ್ಲಿದೆ ಎಂದು ಕೇಳುವವರು ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯನ್ನೂ, ಅಂಗಳದ ಮೂಲೆಯ ಕ್ಯಾಮೆರಾವನ್ನೂ ನೋಡಬಹುದು. ಇಂಥ ಅನೇಕ ಉಪಕರಣಗಳೊಳಗೆ ಪುಟ್ಟ ಲಿನಕ್ಸ್ ಇರುತ್ತದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಅರುವತ್ತರಷ್ಟು ಹೆಸರು, ಪಾಸ್‌ವರ್ಡ್ ಜೋಡಿಗಳ ಒಂದು ಸಣ್ಣ ಪಟ್ಟಿಯನ್ನು ಹಿಡಿದು ಇಂಥ ಉಪಕರಣಗಳ ಬಾಗಿಲು ತಟ್ಟಿ ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. ಅವೆಲ್ಲ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳು. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಉಪಕರಣಗಳ ಸೈನ್ಯವನ್ನು ಬಳಸಿ ನಡೆಸಿದ ದಾಳಿಯಿಂದ ಟ್ವಿಟರ್‌ನಂಥ ದೊಡ್ಡ ತಾಣಗಳು ಕೂಡ ಗಂಟೆಗಟ್ಟಲೆ ಅನೇಕರಿಗೆ ದೊರೆಯದಾದವು. ಕಳ್ಳನಿಗೆ ನಿಮ್ಮ ಮನೆಯ ಕ್ಯಾಮೆರಾದಲ್ಲಿ ಆಸಕ್ತಿ ಇರಬೇಕಾಗಿಲ್ಲ. ಅದರ ಬಲ ಸಾಕು. ಹೊಸ ಉಪಕರಣ ಮನೆಗೆ ಬಂದ ದಿನವೇ ಅದರ ಮೂಲ ಪಾಸ್‌ವರ್ಡನ್ನು ಬದಲಿಸಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿ ಫಲವಿಲ್ಲ.

ಮಾಡಬೇಕಾದುದೇನು?

ಲಾಗಿನ್ ತಪ್ಪಿದಾಗ ಮಕ್ಕಳು ಮೊದಲು ನೋಡಬೇಕಾದುದು ಕೀಲಿಮಣೆಯನ್ನು. ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದೆಯೇ? ಯುನಿಕ್ಸ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ, ಹೆಸರಿನಲ್ಲಿಯೂ ಅಷ್ಟೆ. ನಮ್ಮ ಶಾಲೆಗಳಿಗೇ ವಿಶೇಷವಾದ ಇನ್ನೊಂದು ಕಾರಣವಿದೆ. ಹಿಂದಿನ ಅವಧಿಯ ಮಕ್ಕಳು ಕನ್ನಡ ಅಥವಾ ಮಲಯಾಳ ಬೆರಳಚ್ಚು ಅಭ್ಯಾಸ ಮಾಡಿ ಕೀಲಿಮಣೆಯ ಭಾಷೆಯನ್ನು ಹಾಗೆಯೇ ಬಿಟ್ಟುಹೋದರೆ, ಮುಂದೆ ಕುಳಿತ ಮಗು ಒತ್ತುವ ಇಂಗ್ಲಿಷ್ ಅಕ್ಷರಗಳು ಬೇರೆಯೇ ಲಿಪಿಯಾಗಿ ಯಂತ್ರಕ್ಕೆ ತಲುಪಬಹುದು. ಕಾಣುವುದು ಚುಕ್ಕೆಗಳು ಮಾತ್ರವಾದ್ದರಿಂದ ಮಗುವಿಗೆ ಅದು ತಿಳಿಯುವುದೇ ಇಲ್ಲ. ಪರದೆಯ ಮೂಲೆಯಲ್ಲಿ ಭಾಷೆಯ ಗುರುತನ್ನು ನೋಡಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕು. ಹೊಸ ಉಬುಂಟುವಿನ ಲಾಗಿನ್ ಪೆಟ್ಟಿಗೆಯಲ್ಲಿ ಕಣ್ಣಿನ ಗುರುತೊಂದಿದೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಅದನ್ನು ಒತ್ತಿದರೆ ಬರೆದದ್ದು ಕಾಣುತ್ತದೆ.

ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಕೈ ಹಾಕದೆ ಅಧ್ಯಾಪಕರಿಗೆ ಹೇಳುವುದು ಉತ್ತಮ. ಬೀಗ ಬಿದ್ದರೆ ಹತ್ತು ನಿಮಿಷ ಕಾಯಬೇಕು, ಇಲ್ಲವೇ ಶಾಲೆಯ ಐಟಿ ಸಂಯೋಜಕರು ಫೇಲ್‌ಲಾಕ್ ಆಜ್ಞೆಯಿಂದ ಆ ಹೆಸರಿನ ಎಣಿಕೆಯನ್ನು ಸೊನ್ನೆಗೆ ತರಬಹುದು. ತರುವ ಮುನ್ನ ದಾಖಲೆಯನ್ನೊಮ್ಮೆ ಓದಬೇಕು. ಕೇಳುತ್ತಿರುವವರು ಆ ಖಾತೆಯವರೇ ಎಂದು ಖಚಿತಪಡಿಸಿಕೊಳ್ಳಬೇಕು. ಫೋನಿನಲ್ಲಿ ಅವಸರಪಡಿಸುವ ಅಪರಿಚಿತ ಧ್ವನಿಗೆ ಬೀಗ ತೆರೆದುಕೊಟ್ಟರೆ ಆವರೆಗಿನ ಕಾವಲೆಲ್ಲ ವ್ಯರ್ಥ. ಶಾಲೆಯ ಗಣಕವನ್ನು ದೂರದಿಂದ ನಿರ್ವಹಿಸುವ ಅಗತ್ಯ ಇಲ್ಲದಿದ್ದರೆ ಎಸ್‌ಎಸ್‌ಎಚ್ ಬಾಗಿಲನ್ನು ತೆರೆಯುವುದೇ ಬೇಡ. ಅಗತ್ಯವಿದ್ದರೆ ಪಾಸ್‌ವರ್ಡಿನ ಬದಲು ಜೋಡಿ ಕೀಲಿಗಳ ವಿಧಾನವನ್ನು ಅಳವಡಿಸಿ, ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸಬೇಕು. ಆಗ ಊಹಿಸಲು ಪಾಸ್‌ವರ್ಡೇ ಇರುವುದಿಲ್ಲ. ಹೊರಗಿನವರು ಎಷ್ಟು ತಟ್ಟಿದರೂ ಅದು ಬರಿಯ ಸದ್ದು.

ಪಾಸ್‌ವರ್ಡ್ ಆರಿಸುವಾಗ ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿಕೊಳ್ಳಬಹುದು. ಸಾವಿರ ಪದಗಳಿಂದ ಚೀಟಿ ಎತ್ತಿದಂತೆ ನಾಲ್ಕನ್ನು ಆರಿಸಿದರೆ ಒಂದು ಲಕ್ಷ ಕೋಟಿ ಸಾಧ್ಯತೆಗಳಾಗುತ್ತವೆ. ಮಗುವಿಗೆ ನೆನಪಿಡುವುದೂ ಕಷ್ಟವಲ್ಲ. ಗಾದೆ ಬೇಡ, ಹಾಡಿನ ಪಲ್ಲವಿ ಬೇಡ, ಮನೆದೇವರ ಹೆಸರು ಬೇಡ. ಅವು ಎಲ್ಲರಿಗೂ ಗೊತ್ತಿರುವಂಥವು. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಪಾಸ್‌ವರ್ಡನ್ನು ಗಟ್ಟಿಯಾಗಿ ಕೂಗಿ ಹೇಳುವ ಅಭ್ಯಾಸವನ್ನು ಬಿಟ್ಟು, ಕೀಲಿಮಣೆಯನ್ನು ಕೇಳಿ ತಾವೇ ಒತ್ತಬೇಕು. ಬರೆದಿಡಲೇಬೇಕಿದ್ದರೆ ಮನೆಯ ಕಪಾಟಿನೊಳಗಿನ ಪುಸ್ತಕದಲ್ಲಿರಲಿ, ಶಾಲೆಯ ಡೈರಿಯ ಮೊದಲ ಪುಟದಲ್ಲಿ ಬೇಡ.

ಕೊನೆಯದಾಗಿ ಅಧ್ಯಾಪಕರಲ್ಲಿಯೂ ಹೆತ್ತವರಲ್ಲಿಯೂ ಒಂದು ವಿನಂತಿ. ಅಧಿಕಾರವಿಲ್ಲದ ಖಾತೆಯಿಂದ ಮೇಲ್ವಿಚಾರಕನ ಆಜ್ಞೆಯೊಂದನ್ನು ಒತ್ತಿದರೆ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂಬ ಅರ್ಥದ ಮಾತೊಂದು ಇಂಗ್ಲಿಷಿನಲ್ಲಿ ಮೂಡುತ್ತದೆ. ಅದನ್ನು ಓದಿ ನಡುಗಿದ ಮಕ್ಕಳಿದ್ದಾರೆ. ವರದಿ ಹೋಗುವುದು ಪೊಲೀಸರಿಗಲ್ಲ. ಅದೇ ಗಣಕದ ದಾಖಲೆಗೆ, ಅದರ ಮೇಲ್ವಿಚಾರಕರಿಗೆ ಅಷ್ಟೆ. ತಪ್ಪು ಒತ್ತಿದ ಮಗುವನ್ನು ಗದರಿಸಿದರೆ ಮರುದಿನದಿಂದ ಅದು ಬೀಗ ಬಿದ್ದುದನ್ನು ಮರೆಮಾಚುತ್ತದೆ, ಗೆಳೆಯನ ಪಾಸ್‌ವರ್ಡ್ ಕೇಳಿ ಪಡೆಯುತ್ತದೆ, ಇಲ್ಲವೇ ಗಣಕ ಕೊಠಡಿಗೆ ಕಾಲಿಡಲು ಅಂಜುತ್ತದೆ. ಈ ಮೂರೂ ಕಳ್ಳನಿಗೆ ಲಾಭ, ನಮಗೆ ನಷ್ಟ. ತಪ್ಪನ್ನು ಹೇಳಿಕೊಳ್ಳಲು ಹೆದರದ ಮಗುವಿದ್ದಲ್ಲಿ ದಾಖಲೆ ಓದುವ ಕೆಲಸ ಅರ್ಧ ಮುಗಿದಂತೆ. ಉಳಿದ ತಪ್ಪುಗಳು ಯಾರವೆಂದು ಆಗ ಸುಲಭವಾಗಿ ತಿಳಿಯುತ್ತದೆ.